ಹಿಮ ಕರಗಿಸುವ ಉಪ್ಪು: ನಾಯಿಯ ಪಾದಕ್ಕಿಂತ ಚೀಲದ ಬಾಯಿಯ ಮೇಲೆ ಕಣ್ಣಿರಲಿ

ಪ್ರಶ್ನೆ: ನಾವು ಗೋಣಿಕೊಪ್ಪದ ಬಳಿಯ ಕಾಫಿ ಬೆಳೆಗಾರರು. ಮಗ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿದ್ದಾನೆ. ಈ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಾನೂ ನನ್ನ ಪತಿಯೂ ಅಲ್ಲಿರುತ್ತೇವೆ. ಅವನ ಮನೆಯಲ್ಲಿ 28 ಕಿಲೋ ತೂಕದ ಲ್ಯಾಬ್ರಡಾರ್ ನಾಯಿ ಮತ್ತು ಒಂದು ಬೆಕ್ಕು ಇವೆ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ನಾಯಿಯನ್ನು ಸುತ್ತಾಡಿಸುವ ಕೆಲಸ ನಮ್ಮದು. ಕಳೆದ ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಬಿಳಿ ಹರಳುಗಳಿಂದ ಅದರ ಪಾದಗಳು ಕೆಂಪಾಗಿ, ಒಡೆದು, ಒಮ್ಮೆ ವಾಂತಿಯೂ ಆಯಿತಂತೆ. ಈಗ ಮಗ ‘ಪೆಟ್ ಸೇಫ್’ ಎಂದು ಬರೆದಿರುವ ಚೀಲ ತಂದಿದ್ದಾನೆ. ಅದನ್ನು ನಂಬಬಹುದೇ? ನಾಯಿ ಇಂಥದನ್ನು ತಿಂದರೆ ಏನು ಮಾಡಬೇಕು? ಮಳೆಗಾಲದಲ್ಲಿ ನಮ್ಮ ಬಟ್ಟೆಯ ಬೀರುವಿನಲ್ಲಿ ಇಡುವ ತೇವ ಹೀರುವ ಡಬ್ಬಿಯಲ್ಲೂ ಇದೇ ಪದಾರ್ಥ ಇರುತ್ತದೆ ಎಂದು ಮಗ ಹೇಳುತ್ತಾನೆ. ನಿಜವೇ?

ಉತ್ತರ: ಕಾಲುದಾರಿಯಲ್ಲಿ ಚೆಲ್ಲಿದ ಹರಳುಗಳ ಮೇಲೆ ನಡೆದು ಮನೆಗೆ ಬಂದು ಪಾದ ನೆಕ್ಕಿಕೊಂಡ ನಾಯಿಗೆ ಸಾಮಾನ್ಯವಾಗಿ ಆಗುವುದು ಪಾದದ ಉರಿ, ಜೊಲ್ಲು, ಹೆಚ್ಚೆಂದರೆ ಒಂದೆರಡು ಸಲ ವಾಂತಿ. ಅದರ ಜೀವಕ್ಕೆ ಕುತ್ತು ಬರುವುದು ಗ್ಯಾರೇಜಿನಲ್ಲೋ ಬಾಗಿಲ ಬಳಿಯಲ್ಲೋ ತೆರೆದಿಟ್ಟ ಚೀಲಕ್ಕೆ ಬಾಯಿ ಹಾಕಿದಾಗ. ಅಲ್ಲಿನ ಅಂಗಡಿಗಳಲ್ಲಿ ಇದನ್ನು 20 ಕಿಲೋಗೂ ಮೀರಿದ ಚೀಲಗಳಲ್ಲಿ ಮಾರುತ್ತಾರೆ. ಚೀಲವನ್ನು ಒಮ್ಮೆ ಕತ್ತರಿಸಿದ ಮೇಲೆ ಚಳಿಗಾಲ ಮುಗಿಯುವ ತನಕ ಅದು ಹಾಗೆಯೇ ಬಾಯಿ ತೆರೆದುಕೊಂಡು ನಿಂತಿರುತ್ತದೆ. ಆದ್ದರಿಂದ ನೀವು ಅಲ್ಲಿಗೆ ಹೋದ ದಿನವೇ ಆ ಚೀಲವನ್ನು ಮುಚ್ಚಳ ಭದ್ರವಾಗಿರುವ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿಸಿ, ಚೀಲದ ಮೇಲಿನ ಹೆಸರಿನ ಭಾಗವನ್ನು ಕತ್ತರಿಸಿ ಡ್ರಮ್ಮಿಗೆ ಅಂಟಿಸಿ. ಪಾದದ ಆರೈಕೆಯೂ ಮುಖ್ಯವೇ, ಆದರೆ ಅದು ಇದರ ನಂತರದ್ದು.

ಈ ಹರಳು ಎಂದರೆ ಒಂದೇ ಪದಾರ್ಥವಲ್ಲ. ನೀರಿಗೆ ಉಪ್ಪು ಸೇರಿದರೆ ಅದು ಹೆಪ್ಪುಗಟ್ಟುವ ಉಷ್ಣತೆ ಕೆಳಗಿಳಿಯುತ್ತದೆ ಎಂಬ ತತ್ವದ ಮೇಲೆ ಇವೆಲ್ಲವೂ ಕೆಲಸ ಮಾಡುತ್ತವೆ. ಅಗ್ಗದ್ದು ಸೋಡಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಒರಟು ರೂಪ. ಸೊನ್ನೆಯಿಂದ ಸುಮಾರು 9 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೆ ಮಾತ್ರ ಇದು ಚುರುಕಾಗಿ ಕೆಲಸ ಮಾಡುತ್ತದೆ. ಮಿನಿಯಾಪೊಲಿಸ್‌ನ ಜನವರಿ ರಾತ್ರಿಗಳಲ್ಲಿ ಉಷ್ಣತೆ ಇದಕ್ಕಿಂತ ಬಹಳ ಕೆಳಗಿಳಿಯುವುದರಿಂದ ಅಲ್ಲಿನವರು ಮೆಗ್ನೀಸಿಯಂ ಕ್ಲೋರೈಡ್ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಅನ್ನೂ ಬಳಸುತ್ತಾರೆ. ಕ್ಯಾಲ್ಸಿಯಂ ಕ್ಲೋರೈಡ್ ಸೊನ್ನೆಗಿಂತ 25 ಡಿಗ್ರಿಗೂ ಹೆಚ್ಚು ಕೆಳಗೆ ಹೋದರೂ ಹಿಮವನ್ನು ಕರಗಿಸುತ್ತದೆ. ಇನ್ನೆರಡು ನಿಮಗೆ ಹೊಸವೇನಲ್ಲ. ಒಂದು ಪೊಟ್ಯಾಸಿಯಂ ಕ್ಲೋರೈಡ್, ನಿಮ್ಮ ತೋಟದ ಸ್ಟೋರಿನಲ್ಲಿ ‘ಪೊಟ್ಯಾಷ್’ ಎಂದು ಕರೆಸಿಕೊಳ್ಳುವ ಗೊಬ್ಬರ. ಮತ್ತೊಂದು ಯೂರಿಯಾ. ಇವೆರಡೂ ಸೊನ್ನೆಯಿಂದ ನಾಲ್ಕೈದು ಡಿಗ್ರಿ ಕೆಳಗಿನವರೆಗಷ್ಟೇ ಪ್ರಯೋಜನಕ್ಕೆ ಬರುತ್ತವೆ. ಹೀಗಾಗಿ ನೀರು ಹೆಪ್ಪುಗಟ್ಟದ ಕೊಡಗಿನಲ್ಲಿ ಕೆಲಸ ಮಾಡುವ ಪಶುವೈದ್ಯನಿಗೂ ಈ ಪದಾರ್ಥಗಳು ಬೇರೆ ಬೇರೆ ದಾರಿಯಿಂದ ಎದುರಾಗುತ್ತಲೇ ಇರುತ್ತವೆ.

ಪಾದದ ವಿಚಾರದಲ್ಲಿ ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ತೇವವನ್ನು ಹೀರಿಕೊಂಡು ಕರಗುವಾಗ ಶಾಖವನ್ನು ಬಿಡುತ್ತದೆ. ಬೆರಳುಗಳ ಸಂದಿನಲ್ಲಿ ಸಿಕ್ಕಿಕೊಂಡ ಒಂದು ಹರಳು ಅಲ್ಲಿನ ಚರ್ಮದ ತೇವವನ್ನೇ ಹೀರಿ, ಅಲ್ಲೇ ಬಿಸಿಯಾಗಿ, ಅಲ್ಲೇ ಸುಡುತ್ತದೆ. ಇಂಥ ಪಾದವನ್ನು ಬೆಳಕಿಗೆ ಹಿಡಿದು ನೋಡಿದರೆ, ಮೊದಲು ಬೆರಳ ಸಂದಿನ ಮೆತ್ತನೆಯ ಚರ್ಮ ಕೆಂಪಾಗಿ ಹೊಳೆಯುತ್ತಿರುತ್ತದೆ. ಸುಟ್ಟದ್ದು ಆಳವಾಗಿದ್ದರೆ ಆ ಜಾಗ ಒಂದೆರಡು ದಿನಗಳಲ್ಲಿ ಬೂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಇನ್ನೂ ಕೆಲವು ದಿನಗಳ ನಂತರ ಚರ್ಮದೊಳಗೆ ಸುಣ್ಣದ ಹರಳಿನಂಥ ಬಿಳಿ ಕಾಳುಗಳು ಕೈಗೆ ಸಿಗುವುದೂ ಉಂಟು, ಏಕೆಂದರೆ ಕ್ಯಾಲ್ಸಿಯಂ ಅಂಗಾಂಶದೊಳಗೇ ಕುಳಿತುಬಿಡುತ್ತದೆ. ಸಾಮಾನ್ಯ ಉಪ್ಪು ಹೀಗೆ ಸುಡುವುದಿಲ್ಲ. ಆದರೆ ಅದು ಚರ್ಮವನ್ನು ಒಣಗಿಸಿ ಬಿರುಕು ಬಿಡಿಸುತ್ತದೆ, ಮೊದಲೇ ಇರುವ ಬಿರುಕಿಗೆ ಇಳಿದು ಉರಿಸುತ್ತದೆ. ಒರಟು ಹರಳುಗಳ ಚೂಪಾದ ಅಂಚುಗಳು ಗೀರುವುದೂ ಇದಕ್ಕೆ ಸೇರಿಕೊಳ್ಳುತ್ತದೆ.

ನಾಯಿ ಹೊರಗೆ ಕಾಲಿಟ್ಟ ಕೂಡಲೇ ಒಂದೊಂದಾಗಿ ಪಾದಗಳನ್ನು ಎತ್ತತೊಡಗಿದರೆ ಅದು ಹೆಚ್ಚಿನ ಸಂದರ್ಭಗಳಲ್ಲಿ ಚಳಿಯ ನೋವು, ಇಲ್ಲವೇ ಬೆರಳ ಸಂದಿನ ಕೂದಲಿಗೆ ಅಂಟಿ ಗಟ್ಟಿಯಾದ ಹಿಮದ ಉಂಡೆಗಳು. ಮನೆಗೆ ಬಂದು ಒಂದೆರಡು ಗಂಟೆಯ ಮೇಲೆ ಬಿಡದೆ ನೆಕ್ಕುವುದು, ಬೆರಳ ಸಂದು ಕೆಂಪಾಗುವುದು, ಒಂದು ಪಾದವನ್ನು ಮುಟ್ಟಗೊಡದಿರುವುದು ಹರಳಿನ ಲಕ್ಷಣ. ಮೊದಲನೆಯದಕ್ಕೆ ಸುತ್ತಾಟವನ್ನು ಮೊಟಕುಗೊಳಿಸಿದರೆ ಸಾಕು. ಎರಡನೆಯದನ್ನು ತೊಳೆಯಲೇಬೇಕು.

ತೊಳೆಯುವುದಕ್ಕೂ ಒಂದು ಕ್ರಮವಿದೆ, ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಬಾಗಿಲೊಳಗೆ ಬಂದ ತಕ್ಷಣ ಒಣ ಬಟ್ಟೆಯಿಂದ ಪಾದದ ಅಡಿಯನ್ನೂ ಬೆರಳ ಸಂದುಗಳನ್ನೂ ಒರೆಸಿ, ಕಾಣುವ ಹರಳುಗಳನ್ನೆಲ್ಲ ಉದುರಿಸಿ. ಹರಳು ಇರುವಾಗಲೇ ಸ್ವಲ್ಪ ನೀರು ಸೋಕಿಸಿದರೆ ಅದು ಅಲ್ಲೇ ಕರಗಿ ಬಿಸಿಯಾಗುತ್ತದೆ, ಆದ್ದರಿಂದ ಒಣ ಬಟ್ಟೆ ಮೊದಲು, ನೀರು ಆಮೇಲೆ. ಬಳಿಕ ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಒಂದೊಂದು ಪಾದವನ್ನೂ ಒಂದು ನಿಮಿಷದಷ್ಟು ಮುಳುಗಿಸಿಟ್ಟು, ನಿಮ್ಮ ಬೆರಳನ್ನು ಅದರ ಬೆರಳ ಸಂದುಗಳಲ್ಲಿ ಆಡಿಸಿ. ಚಳಿಯಿಂದ ಮರಗಟ್ಟಿದ ಪಾದಕ್ಕೆ ಬಿಸಿನೀರು ತಾಗಿಸಬಾರದು. ಲ್ಯಾಬ್ರಡಾರ್‌ನ ಹೊಟ್ಟೆಯ ಅಡಿಭಾಗ ಮತ್ತು ಎದೆಗೆ ಕೆಸರಿನಂಥ ಹಿಮ ಸಿಡಿದಿರುತ್ತದೆ, ಅಲ್ಲಿಗೂ ಒದ್ದೆ ಬಟ್ಟೆಯನ್ನು ಆಡಿಸಿ. ಕೊನೆಗೆ ಒಣಗಿಸುವುದನ್ನು ಬಹಳ ಮಂದಿ ಮರೆಯುತ್ತಾರೆ. ನಮ್ಮ ಮಳೆಗಾಲದಲ್ಲಿ ತೋಟದ ನಾಯಿಗಳ ಬೆರಳ ಸಂದು ಸದಾ ತೇವವಾಗಿದ್ದು ಹುಣ್ಣಾಗುವುದನ್ನು ನೀವು ನೋಡಿರುತ್ತೀರಿ. ದಿನಕ್ಕೆ ಮೂರು ಸಲ ತೊಳೆದು ಒರೆಸದೆ ಬಿಟ್ಟ ಪಾದಕ್ಕೆ ಅಲ್ಲಿಯೂ ಅದೇ ಗತಿ.

ಹೊರಡುವ ಮುನ್ನ ಪಾದಕ್ಕೆ ವ್ಯಾಸಲೀನ್ ಅಥವಾ ಜೇನುಮೇಣದ ಮುಲಾಮು ತೆಳುವಾಗಿ ಹಚ್ಚಿದರೆ ತೇವವೂ ಉಪ್ಪೂ ಚರ್ಮಕ್ಕೆ ನೇರವಾಗಿ ತಾಗುವುದು ಕಡಿಮೆಯಾಗುತ್ತದೆ. ಮನೆಯೊಳಗೆ ಬಂದ ಮೇಲೆ ಅದನ್ನು ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಉಪ್ಪು ಅದಕ್ಕೇ ಅಂಟಿಕೊಂಡು ಕುಳಿತಿರುತ್ತದೆ. ತೊಳೆಯದ ಪಾದಕ್ಕೆ ಎಂದಿಗೂ ಮುಲಾಮು ಹಚ್ಚಬೇಡಿ. ನಮ್ಮ ಕಡೆಯಲ್ಲಿ ಗಾಯ ಕಂಡರೆ ಅರಿಸಿನ, ಸುಣ್ಣ ಕಲಸಿ ಹಚ್ಚುವ ರೂಢಿಯಿದೆ. ಸುಣ್ಣ ಸ್ವತಃ ಸುಡುವ ವಸ್ತು, ಕ್ಯಾಲ್ಸಿಯಂ ಕ್ಲೋರೈಡಿನಿಂದ ಸುಟ್ಟ ಚರ್ಮಕ್ಕೆ ಅದನ್ನು ಖಂಡಿತ ತಾಗಿಸಬಾರದು. ಇನ್ನು ನಾಯಿಗೆ ತೊಡಿಸುವ ಬೂಟುಗಳು ಇವೆಲ್ಲಕ್ಕಿಂತ ಉತ್ತಮ ರಕ್ಷಣೆ. ಮೊದಲ ವಾರ ನಾಯಿ ಅದನ್ನು ಕಿತ್ತೆಸೆಯಲು ನೋಡುತ್ತದೆ, ಮನೆಯೊಳಗೇ ಸ್ವಲ್ಪ ಸ್ವಲ್ಪ ಹೊತ್ತು ತೊಡಿಸಿ ಅಭ್ಯಾಸ ಮಾಡಿಸಿದರೆ ಒಗ್ಗಿಕೊಳ್ಳುತ್ತದೆ. ಬೆರಳ ಸಂದಿನ ಕೂದಲನ್ನು ಪಾದದ ಮಟ್ಟಕ್ಕೆ ಕತ್ತರಿಸಿಡಲು ಮಗನಿಗೆ ಹೇಳಿ.

ಈಗ ತಿನ್ನುವ ವಿಚಾರ. ನಾಯಿಗಳಲ್ಲಿ ಸೋಡಿಯಂ ಕ್ಲೋರೈಡ್ ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು 2 ಗ್ರಾಂ ಒಳಗೆ ಹೋದರೆ ವಿಷದ ಲಕ್ಷಣಗಳು ಕಾಣಿಸಬಹುದು, 4 ಗ್ರಾಂ ಆದರೆ ಪ್ರಾಣ ಹೋಗಬಹುದು. ನಿಮ್ಮ ಮಗನ ನಾಯಿಯ ಲೆಕ್ಕದಲ್ಲಿ ಇದು ಸುಮಾರು 55 ಗ್ರಾಂ ಮತ್ತು 110 ಗ್ರಾಂ. 55 ಗ್ರಾಂ ಎಂದರೆ ಬಡಿಸುವ ದೊಡ್ಡ ಚಮಚದಲ್ಲಿ ಮೂರು ಚಮಚ ಉಪ್ಪು. ಪಾದ ನೆಕ್ಕಿ ಇಷ್ಟು ಉಪ್ಪು ಹೊಟ್ಟೆಗೆ ಹೋಗುವುದು ಕಷ್ಟ. ಆದರೆ ಚೀಲದ ಸುತ್ತ ಏನೋ ತಿನ್ನುವ ವಸ್ತು ಚೆಲ್ಲಿದ್ದರೆ, ಅಥವಾ ಹೊಟ್ಟೆಬಾಕತನಕ್ಕೆ ಹೆಸರಾದ ಲ್ಯಾಬ್ರಡಾರ್ ಒಂಟಿಯಾಗಿ ಗ್ಯಾರೇಜಿನಲ್ಲಿ ಉಳಿದರೆ ಅದು ನಿಮಿಷಗಳ ಕೆಲಸ. ಕರಗಿದ ಹಿಮದ ಗುಂಡಿಗಳಲ್ಲಿ ನೀರು ಕುಡಿಯುವ ನಾಯಿಗೂ ಎಣಿಸಿದ್ದಕ್ಕಿಂತ ಹೆಚ್ಚು ಉಪ್ಪು ಸೇರುತ್ತದೆ, ಆದ್ದರಿಂದ ಹೊರಡುವ ಮುನ್ನ ಮನೆಯಲ್ಲೇ ಬೇಕಾದಷ್ಟು ನೀರು ಕುಡಿಸಿ ಹೊರಡಿ.

ಹೆಚ್ಚು ಉಪ್ಪು ಒಳಗೆ ಹೋದಾಗ ಮೊದಲು ವಾಂತಿ, ವಿಪರೀತ ಬಾಯಾರಿಕೆ, ಭೇದಿ ಕಾಣಿಸುತ್ತವೆ. ಆಮೇಲೆ ನಡಿಗೆ ತೂರಾಡುತ್ತದೆ, ಮೈ ನಡುಗುತ್ತದೆ, ಕೊನೆಗೆ ಫಿಟ್ಸ್ ಬರುತ್ತದೆ. ರಕ್ತದಲ್ಲಿ ಸೋಡಿಯಂ ಏರಿದಂತೆ ಮೆದುಳಿನ ಜೀವಕೋಶಗಳೊಳಗಿನ ನೀರು ಹೊರಗೆ ಸೆಳೆಯಲ್ಪಟ್ಟು ಅವು ಮುದುಡಿಕೊಳ್ಳುವುದೇ ಇದಕ್ಕೆ ಕಾರಣ. ಹೊತ್ತು ಕಳೆದ ಮೇಲೆ ಮೆದುಳು ಆ ಸ್ಥಿತಿಗೆ ಹೊಂದಿಕೊಂಡಿರುತ್ತದೆ. ಆಗ ಅವಸರದಿಂದ ನೀರಿನ ಅಂಶ ಏರಿಸಿದರೆ ಅದೇ ಜೀವಕೋಶಗಳು ಊದಿಕೊಂಡು ಪ್ರಾಣಿ ಸಾಯಬಹುದು. ಅಂಥ ಸಂದರ್ಭದಲ್ಲಿ ಸೋಡಿಯಂ ಮಟ್ಟವನ್ನು ಗಂಟೆಗೆ ಲೀಟರಿಗೆ ಅರ್ಧ ಮಿಲಿಮೋಲ್‌ಗಿಂತ ವೇಗವಾಗಿ ಇಳಿಸದಂತೆ ವೈದ್ಯರು ಮತ್ತೆ ಮತ್ತೆ ರಕ್ತ ಪರೀಕ್ಷಿಸುತ್ತ ಡ್ರಿಪ್ ಕೊಡುತ್ತಾರೆ. ಎಷ್ಟು ಹೊತ್ತಿಗೆ ತಿಂದಿತು ಎಂಬ ಒಂದು ಮಾತು ಇಡೀ ಚಿಕಿತ್ಸೆಯ ದಿಕ್ಕನ್ನು ನಿರ್ಧರಿಸುವುದರಿಂದ, ಗೊತ್ತಾದ ತಕ್ಷಣ ಗಡಿಯಾರ ನೋಡಿ ಸಮಯವನ್ನು ಬರೆದಿಡಿ.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ನಾಯಿ ವಿಷ ತಿಂದಿದೆ ಎಂದು ಅನುಮಾನ ಬಂದ ಕೂಡಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಕೊಡಗಿನಲ್ಲಿ, ಇಡೀ ಮಲೆನಾಡಿನಲ್ಲಿ, ಮನೆಮನೆಯ ಪದ್ಧತಿ. ದಯವಿಟ್ಟು ಇದನ್ನು ಬಿಟ್ಟುಬಿಡಿ, ಅಲ್ಲಿಯೂ ಇಲ್ಲಿಯೂ. ಉಪ್ಪು ತಿಂದ ನಾಯಿಗೆ ಇನ್ನಷ್ಟು ಉಪ್ಪು ಕೊಟ್ಟಂತಾಗುವುದು ಒಂದು ಅಪಾಯ. ಬೇರೆ ಏನೇ ತಿಂದಿದ್ದರೂ ಇದರಿಂದ ಕೆಡುಕೇ. 5 ಕಿಲೋ ತೂಕದ ಪಮೇರಿಯನ್ ನಾಯಿಗೆ ಎರಡು ಸಣ್ಣ ಚಮಚ ಉಪ್ಪು ಕರಗಿಸಿ ಕುಡಿಸಿ ಅದು ವಾಂತಿ ಮಾಡದೆ ಹೋದರೆ, ಆ ಉಪ್ಪೇ ವಿಷದ ಪ್ರಮಾಣವನ್ನು ಮುಟ್ಟುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ತಿಂದಿದ್ದರೆ ಯಾವ ವಿಧಾನದಿಂದಲೂ ಮನೆಯಲ್ಲಿ ವಾಂತಿ ಮಾಡಿಸಬಾರದು, ಒಳಗೆ ಹೋಗುವಾಗ ಸುಟ್ಟ ಅನ್ನನಾಳವನ್ನು ಹೊರಗೆ ಬರುವಾಗ ಅದು ಇನ್ನೊಮ್ಮೆ ಸುಡುತ್ತದೆ. ವಾಂತಿಯಾಗುತ್ತಿದೆ ಎಂದು ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಕೊಡುವುದೂ ತಪ್ಪು, ಎರಡರಲ್ಲೂ ಸೋಡಿಯಂ ಇದೆ.

ಮಾಡಬೇಕಾದ್ದು ಇಷ್ಟೇ: ಬಾಯನ್ನು ಹರಿಯುವ ನೀರಿನಿಂದ ತೊಳೆಯಿರಿ, ನಾಯಿ ಎಚ್ಚರವಾಗಿದ್ದು ತಾನಾಗಿ ಕುಡಿಯುವಂತಿದ್ದರೆ ಬರಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಆಗಾಗ ಕೊಡಿ, ಚೀಲದ ಫೋಟೊ ತೆಗೆದುಕೊಂಡು ವೈದ್ಯರಿಗೆ ಫೋನ್ ಮಾಡಿ. ತೂರಾಟ ಅಥವಾ ನಡುಕ ಶುರುವಾಗಿದ್ದರೆ ಬಾಯಿಗೆ ಏನನ್ನೂ ಹಾಕದೆ ನೇರವಾಗಿ ಆಸ್ಪತ್ರೆಗೆ ಹೊರಡಿ. ಅಮೆರಿಕದಲ್ಲಿ ಎಎಸ್‌ಪಿಸಿಎ ಸಂಸ್ಥೆಯ ಪ್ರಾಣಿ ವಿಷ ನಿಯಂತ್ರಣ ಕೇಂದ್ರ ಮತ್ತು ಪೆಟ್ ಪಾಯಿಸನ್ ಹೆಲ್ಪ್‌ಲೈನ್ ಎಂಬ ಎರಡು ದೂರವಾಣಿ ಸೇವೆಗಳಿವೆ. ಶುಲ್ಕ ತೆಗೆದುಕೊಂಡು, ಪದಾರ್ಥ ಮತ್ತು ನಾಯಿಯ ತೂಕವನ್ನು ಕೇಳಿ ಸಲಹೆ ನೀಡುತ್ತಾರೆ. ಪಕ್ಕದ ಸೇಂಟ್ ಪಾಲ್ ನಗರದಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಆಸ್ಪತ್ರೆಯಿದೆ. ಈ ನಂಬರುಗಳನ್ನೂ, ಮನೆಗೆ ಹತ್ತಿರದ ವೈದ್ಯರ ನಂಬರನ್ನೂ ಮಗ ಕೆಲಸಕ್ಕೆ ಹೋಗುವ ಮುನ್ನವೇ ನಿಮ್ಮ ಫೋನಿಗೆ ಹಾಕಿಸಿಕೊಳ್ಳಿ. ಭಾಷೆಯ ಅಳುಕಿದ್ದರೆ ಪದಾರ್ಥದ ಹೆಸರು, ನಾಯಿಯ ತೂಕ, ತಿಂದ ಸಮಯ ಈ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಓದಿ ಹೇಳಿದರೂ ಸಾಕಾಗುತ್ತದೆ.

‘ಪೆಟ್ ಸೇಫ್’ ಎಂಬುದು ಒಂದು ಪದಾರ್ಥದ ಹೆಸರಲ್ಲ, ಮಾರುವವರು ಚೀಲದ ಮುಂಭಾಗದಲ್ಲಿ ಹಾಕುವ ಮಾತು. ಒಂದು ಚೀಲದಲ್ಲಿ ಯೂರಿಯಾ, ಇನ್ನೊಂದರಲ್ಲಿ ಮೆಗ್ನೀಸಿಯಂ ಕ್ಲೋರೈಡ್, ಮತ್ತೊಂದರಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಇರಬಹುದು, ಕೆಲವೊಮ್ಮೆ ಸಾಮಾನ್ಯ ಉಪ್ಪಿಗೇ ಬೇರೇನನ್ನೋ ಬೆರೆಸಿರುತ್ತಾರೆ. ಚೀಲದ ಹಿಂಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿರುವ ರಾಸಾಯನಿಕದ ಹೆಸರನ್ನು ಓದಿ. ಅಲ್ಲಿ ಹೆಸರೇ ಇಲ್ಲದಿದ್ದರೆ ಆ ಚೀಲ ಬೇಡವೆಂಬುದು ನನ್ನ ಅಭಿಪ್ರಾಯ. ಯೂರಿಯಾ ಪಾದಕ್ಕೆ ಕ್ಲೋರೈಡುಗಳಿಗಿಂತ ಸೌಮ್ಯ, ನಾಯಿ ಸ್ವಲ್ಪ ತಿಂದರೂ ಹೆಚ್ಚಾಗಿ ಜೊಲ್ಲು, ವಾಂತಿಯಲ್ಲೇ ಮುಗಿಯುತ್ತದೆ. ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಲವಣಗಳು ಚರ್ಮವನ್ನು ಅಷ್ಟಾಗಿ ಸುಡದಿದ್ದರೂ, ಹೆಚ್ಚು ಪ್ರಮಾಣದಲ್ಲಿ ಹೊಟ್ಟೆ ಸೇರಿದರೆ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲವು. ಮೂತ್ರಪಿಂಡದ ತೊಂದರೆಯಿರುವ ಪ್ರಾಣಿಗೆ ಈ ಅಪಾಯ ಇನ್ನೂ ಹೆಚ್ಚು. ಹಾಗಾಗಿ ‘ಪೆಟ್ ಸೇಫ್’ ಚೀಲವನ್ನೂ ಡ್ರಮ್ಮಿನೊಳಗೇ ಇಡಿ.

ನಿಮ್ಮ ಮಗನ ಮನೆಯ ಮೆಟ್ಟಿಲಿಗೆ ನನ್ನ ಸಲಹೆ ಬೇರೆ. ಹಿಮ ಬಿದ್ದ ಕೂಡಲೇ, ಅದು ತುಳಿದು ಗಟ್ಟಿಯಾಗುವ ಮುನ್ನ, ಸಲಿಕೆಯಿಂದ ತೆಗೆದುಬಿಟ್ಟರೆ ಹರಳಿನ ಅಗತ್ಯವೇ ಬಹುಪಾಲು ತಪ್ಪುತ್ತದೆ. ಉಳಿದ ಜಾರಿಕೆಗೆ ಮರಳು ಚೆಲ್ಲಿ. ಅದು ಹಿಮವನ್ನು ಕರಗಿಸುವುದಿಲ್ಲ, ಆದರೆ ಕಾಲಿಗೆ ಹಿಡಿತ ಕೊಡುತ್ತದೆ. ಈ ವಯಸ್ಸಿನಲ್ಲಿ ನೀವಿಬ್ಬರೂ ಜಾರಿ ಬೀಳಬಾರದೆಂಬುದೂ ಅಷ್ಟೇ ಮುಖ್ಯ, ಆದ್ದರಿಂದ ಹರಳು ಹಾಕಲೇಬೇಕಾದಲ್ಲಿ ಹಾಕಿ, ಹಿಮ ಕರಗಿದ ಮೇಲೆ ಉಳಿದ ಹರಳನ್ನು ಗುಡಿಸಿ ತೆಗೆಯಿರಿ.

ಬೆಕ್ಕು ಹೊರಗೇ ಹೋಗುವುದಿಲ್ಲವಲ್ಲ ಎಂದು ನೀವು ಅಂದುಕೊಂಡಿರಬಹುದು. ನಿಮ್ಮ ಬೂಟುಗಳ ಅಡಿಯಲ್ಲಿ ಉಪ್ಪು ಮನೆಯೊಳಗೆ ಬರುತ್ತದೆ, ಕಾಲೊರಸಿನ ಬಳಿ ನೀರಾಗಿ ನಿಲ್ಲುತ್ತದೆ, ಅದನ್ನು ತುಳಿದ ಬೆಕ್ಕು ಮೈಯೆಲ್ಲ ನೆಕ್ಕಿಕೊಳ್ಳುವ ಸ್ವಭಾವದಿಂದಾಗಿ ಅಷ್ಟನ್ನೂ ಹೊಟ್ಟೆಗೆ ಇಳಿಸುತ್ತದೆ. ಬೂಟುಗಳನ್ನು ತಟ್ಟೆಯೊಂದರಲ್ಲಿ ಬಿಟ್ಟು, ಆ ತಟ್ಟೆಯನ್ನು ಬೆಕ್ಕಿಗೆ ಸಿಗದ ಕಡೆ ಇಡಿ. ಆದರೆ ಅದೇ ಗ್ಯಾರೇಜಿನಲ್ಲಿ ಈ ಉಪ್ಪಿಗಿಂತ ಎಷ್ಟೋ ಪಾಲು ಘೋರವಾದ ಇನ್ನೊಂದು ವಸ್ತುವಿರುತ್ತದೆ: ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್, ನಾವು ಕೂಲೆಂಟ್ ಎನ್ನುವ ದ್ರವ. ಇದರ ರುಚಿ ಸಿಹಿ. ಬೆಕ್ಕಿಗೆ ಪ್ರತಿ ಕಿಲೋಗೆ ಒಂದೂವರೆ ಮಿಲಿಲೀಟರ್ ಸಾಕು, ಎಂದರೆ 4 ಕಿಲೋ ಬೆಕ್ಕಿಗೆ ಒಂದು ಸಣ್ಣ ಚಮಚಕ್ಕಿಂತ ಸ್ವಲ್ಪ ಹೆಚ್ಚು. ಮೊದಲು ಕುಡಿದವರಂತೆ ತೂರಾಡಿ, ನಂತರ ಸುಧಾರಿಸಿದಂತೆ ಕಂಡು, ಒಂದೆರಡು ದಿನಗಳಲ್ಲಿ ಮೂತ್ರಪಿಂಡಗಳು ನಿಂತುಹೋಗುತ್ತವೆ. ಆ ನಡುವಣ ಚೇತರಿಕೆಯನ್ನು ನಂಬಿ ಮನೆಯವರು ಸುಮ್ಮನಾಗುವುದರಿಂದಲೇ ಎಷ್ಟೋ ಪ್ರಾಣಿಗಳು ಸಾಯುತ್ತವೆ. ಇದಕ್ಕೆ ಫೊಮೆಪಿಜೋಲ್ ಎಂಬ ಮದ್ದು ಇದೆ, ಬೆಕ್ಕಿಗೆ ಮೂರು ಗಂಟೆಯೊಳಗೆ, ನಾಯಿಗೆ ಎಂಟರಿಂದ ಹನ್ನೆರಡು ಗಂಟೆಯೊಳಗೆ ಸಿಗಬೇಕು. ಕಾರಿನಡಿಯಲ್ಲಿ ಹಸಿರು ಅಥವಾ ಕಿತ್ತಳೆ ಬಣ್ಣದ ದ್ರವ ತೊಟ್ಟಿಕ್ಕಿದ್ದು ಕಂಡರೆ, ಅದನ್ನು ಒರೆಸಿ ತೆಗೆಯುವ ತನಕ ಎರಡು ಪ್ರಾಣಿಗಳನ್ನೂ ಅಲ್ಲಿಗೆ ಬಿಡಬೇಡಿ.

ನಿಮ್ಮ ಮಗ ಹೇಳಿದ್ದು ಸರಿ. ಬೀರುವಿನಲ್ಲಿ ನೇತುಹಾಕುವ ಅಥವಾ ಇಡುವ ಆ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್. ಗಾಳಿಯ ತೇವವನ್ನು ಹೀರಿ ಕರಗಿ, ಡಬ್ಬಿಯ ತಳದಲ್ಲಿ ನೀರಿನಂತೆ ಸೇರುತ್ತದೆ. ಅದು ನೀರಲ್ಲ, ದಟ್ಟವಾದ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ. ಜುಲೈ ತಿಂಗಳ ಕೊಡಗಿನಲ್ಲಿ ಈ ಡಬ್ಬಿ ಬಹಳ ಬೇಗ ತುಂಬುತ್ತದೆ, ತುಂಬಿದ್ದನ್ನು ಬಚ್ಚಲಿನ ಮೂಲೆಯಲ್ಲೋ ಹಿತ್ತಲಿನಲ್ಲೋ ಇಡುವುದು ಅಭ್ಯಾಸ, ಹಲ್ಲು ಮೂಡುತ್ತಿರುವ ಮರಿಗೆ ಪ್ಲಾಸ್ಟಿಕ್ ಡಬ್ಬಿ ಕಚ್ಚುವುದೆಂದರೆ ಬಹಳ ಇಷ್ಟ. ಕಚ್ಚಿದ ಮರಿ ಜೊಲ್ಲು ಸುರಿಸುತ್ತ ಬಾಯನ್ನು ನೆಲಕ್ಕೆ ಉಜ್ಜುತ್ತಿದ್ದರೆ, ಬಾಯಿಯನ್ನೂ ಮುಂಗಾಲುಗಳನ್ನೂ ಬಹಳ ಹೊತ್ತು ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ. ಹೊಸ ಬ್ಯಾಗು, ಶೂಗಳ ಪೆಟ್ಟಿಗೆಯೊಳಗೆ ಬರುವ ಪುಟ್ಟ ಸಿಲಿಕಾ ಜೆಲ್ ಪೊಟ್ಟಣಗಳು ಬೇರೆ, ಅವುಗಳಿಂದ ಇಂಥ ಸುಡುವ ಭಯವಿಲ್ಲ.

ಡಬ್ಬಿಯಲ್ಲಿ ಏನಿದೆಯೆಂದು ತಿಳಿಯದಿದ್ದರೆ ಕೈಗವಸು ಹಾಕಿಕೊಂಡು ಒಂದು ಚಮಚ ಹರಳನ್ನು ಸ್ಟೀಲ್ ಲೋಟದ ನೀರಿಗೆ ಹಾಕಿ ನೋಡಿ. ಲೋಟ ಬೆಚ್ಚಗಾದರೆ ಕ್ಯಾಲ್ಸಿಯಂ ಕ್ಲೋರೈಡ್ ಇರುವ ಸಾಧ್ಯತೆ ಹೆಚ್ಚು. ಯೂರಿಯಾ ಆದರೆ ಲೋಟ ತಣ್ಣಗಾಗುತ್ತದೆ, ತೋಟದಲ್ಲಿ ಸಿಂಪಡಣೆಗೆ ಯೂರಿಯಾ ಕರಗಿಸುವಾಗ ಡ್ರಮ್ಮಿನ ಹೊರಮೈ ತಣ್ಣಗಾಗುವುದನ್ನು ನೀವೇ ಕೈಯಿಟ್ಟು ಬಲ್ಲಿರಿ. ಇದು ಗುರುತು ಹಿಡಿಯಲು ಒಂದು ಉಪಾಯವಷ್ಟೇ, ತಣ್ಣಗಾಯಿತೆಂದ ಮಾತ್ರಕ್ಕೆ ಅದು ನಿರಪಾಯವೆಂದು ತಿಳಿಯಬೇಡಿ. ನಾಯಿ ಅಷ್ಟಾಗಿ ಲೆಕ್ಕಿಸದ ಅದೇ ಯೂರಿಯಾ ನೀರನ್ನು ಹಟ್ಟಿಯ ಹಸು ಕುಡಿದರೆ, ಅದರ ಮೊದಲ ಹೊಟ್ಟೆಯಲ್ಲಿ ಯೂರಿಯಾ ಅಮೋನಿಯಾ ಆಗಿ, ಹೊಟ್ಟೆ ಉಬ್ಬರಿಸಿ, ಮೈ ನಡುಗಿ, ಕೆಲವೇ ಗಂಟೆಗಳಲ್ಲಿ ಅದು ಸಾಯಬಹುದು. ನೀವಿಬ್ಬರೂ ಊರಲ್ಲಿಲ್ಲದ ಆ ನಾಲ್ಕು ತಿಂಗಳು ತೋಟ ನೋಡಿಕೊಳ್ಳುವವರಿಗೆ, ಗೊಬ್ಬರದ ಸ್ಟೋರಿಗೆ ಬೀಗ ಹಾಕಲು ಮತ್ತು ಕರಗಿಸಿ ಉಳಿದ ಯೂರಿಯಾ ನೀರನ್ನು ಅಂದೇ ಚೆಲ್ಲಿ ಡ್ರಮ್ಮನ್ನು ಬೋರಲು ಹಾಕಲು ಹೇಳಿ ಹೋಗಿ.